ಕಣಿವಿ ಇರಬೇಕಾದಲ್ಲಿ ಗುಡ್ಡ

ಮೊದಲನೇ ದಿನ ನಾ ಮುರದದ್ದು ಎರಡು ಪಿನ್ನು, ಒಂದು ಕ್ಲ್ಯಾಂಪು, ಮತ್ತ ಚಾಚಾನ ಚಹಾದ ಗ್ಲಾಸು. ಗ್ಲಾಸು ಮಶೀನಿನಿಂದ ಹತ್ತು ಫೂಟು ದೂರ, ಕಿಡಕ್ಯಾಗ ಇತ್ತು. ಅದು ಹೆಂಗ ಒಡೀತು ಅನ್ನೂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಬಗ್ಗೆ ನಾ ಓದಿದ ಯಾವ ಪುಸ್ತಕದಾಗೂ ಇಂಥಾ ದೋಷದ ಹೆಸರಿಲ್ಲ.

"ಇಂಜಿನಿಯರಾ," ಅಂದ್ರು ಚಾಚಾ, ಚೂರು ಆರಸ್ಕೋತ, "ನೀ ಜೋಡಸಾಕ ಬಂದೀಯೋ, ಒಡಿಯಾಕ ಬಂದೀಯೋ?"

ಚಾಚಾ ಅಂದ್ರ ಗಂಗಾವತಿಯೊಳಗ ಒಂದು ವರ್ಕ್‌ಶಾಪಿನ ಮಿಸ್ತ್ರಿ. ಮೂಲ ಊರು ಹುಲಿಹೈದರ. ಜೀವನಾ ಎಲ್ಲಾ ರೈಸ್ ಮಿಲ್ಲಿನ ಪುಲ್ಲಿ, ಶಾಫ್ಟು ರಿಪೇರಿ ಮಾಡ್ಕೋತ ಬಂದೋರು. ಅವರ ಹತ್ರ ಒಂದು ಮಿಲ್ಲಿಂಗ್ ಮಶೀನ್ ಇತ್ತು, ನಾ ಹುಟ್ಟೂಕಿಂತ ಮೊದಲಿಂದು, ಆನಿಯಂಥಾದ್ದು. ನಾ ಕೊಪ್ಪಳದ ಕಡೆ ಒಂದು ಕಾಲೇಜಿನ್ಯಾಗ ಎಂ.ಟೆಕ್ ಕೊನೇ ವರ್ಷ. ಕಾಲೇಜಿನ ಮಶೀನ್ ಎಷ್ಟು ಸೂಕ್ಷ್ಮ ಅಂದ್ರ ಜೋರ್ ಕೆಮ್ಮಿದ್ರ ಸೆಟ್ಟಿಂಗ್ ತಪ್ತಿತ್ತು. "ಗಟ್ಟಿ ಮಶೀನ್ ಇದ್ದೋರನ್ನ ಹುಡುಕು, ನಿನ್ನನ್ನ ಸಹಿಸ್ಕೊಳ್ಳೋರನ್ನ ಹುಡುಕು," ಅಂದಿದ್ರು ನಮ್ಮ ಗೈಡ್ ಮೇಡಂ. ಎರಡನೇದು ಕಷ್ಟ ಇತ್ತು. ಚಾಚಾ ಸಿಕ್ರು.

ಕೆಲಸ ಕೇಳಾಕ ಭಾಳ ಸರಳ. ಎರಡು ಅಲ್ಯೂಮಿನಂ ಪ್ಲೇಟು ಅಂಚಿಗಿ ಅಂಚು ಹಚ್ಚಿ ಬಿಗದು ಕಟ್ಟೂದು. ಮ್ಯಾಲಿಂದ ಗಟ್ಟಿ ಉಕ್ಕಿನ ಒಂದು ಕೋಲು ಗರಗರ ತಿರಗಸ್ಕೋತ ಸಂದಿಯೊಳಗ ಒತ್ತೂದು. ಕೋಲಿನ ತುದಿಗಿ ಸಣ್ಣ ಪಿನ್ನು ಇರ್ತೈತಿ, ಅದರ ಮ್ಯಾಲ ಅಗಲದ ಭುಜ. ತಿಕ್ಕಾಟದ ಬಿಸಿಗಿ ಲೋಹ ಕರಗೂದಿಲ್ಲ, ಮೆತ್ತಗಾಗ್ತೈತಿ. ಆವಾಗ ಝುಣಕ ತಿರುವಿದಂಗ ತಿರುವಿಕೋತ ಮುಂದ ಹೋದ್ರ ಹಿಂದ ಬೆಸುಗಿ ಆಗಿರ್ತೈತಿ. ನಮ್ಮವ್ವ ಒಲಿ ಮುಂದ ದಿನಾ ಮಾಡೂದು ಇದನ್ನ. ಆಕಿಗಿ ಯಾರೂ ಡಿಗ್ರಿ ಕೊಟ್ಟಿಲ್ಲ, ನನಗೂ ಇನ್ನೂ ಕೊಟ್ಟಿಲ್ಲ.

ಚಾಚಾ ನನಗ ಮಶೀನ್ ಬಿಟ್ಟುಕೊಟ್ಟದ್ದು ಪುಣ್ಯಕ್ಕಲ್ಲ. ಈಗ ಮಿಲ್ಲುಗಳಿಗೆ ಹೊಸಾ ಮಶೀನು, ಅದರ ಭಾಗ ಕೆಟ್ರ ಕಂಪನಿಯಿಂದ ಪಾರ್ಸಲ್. ಚಾಚಾನ ಅಂಗಡಿಗಿ ಕೆಲಸ ಇಲ್ಲ. ಉಳಿದಿದ್ದು ಒಂದ ಆಸೆ. ಒಂದು ರೈಸ್ ಮಿಲ್ಲಿನ ಮ್ಯಾನೇಜರು ಹಲಗಿ ಕೇಳಿದ್ದ. ಕಟ್ಟಿಯಿಂದ ಲಾರಿಗಿ ಅಡ್ಡ ಹಾಕಿ, ಹಮಾಲರು ಚೀಲ ಹೊತ್ತು ನಡಿಯೋ ಹಲಗಿ. ಕಬ್ಬಿಣದ್ದು ನಾಕು ಮಂದಿ ಎತ್ತಬೇಕು, ಕಟಿಗಿದು ಸೀಳ್ತೈತಿ. "ಅಲ್ಯೂಮಿನಂದು ಮಾಡಿಕೊಡು ಮಿಸ್ತ್ರಿ, ಒಬ್ಬಾಂವ ಎತ್ತುವಂಗ ಇರ್ಲಿ. ಬೆಸುಗಿ ಗಟ್ಟಿ ಐತಿ ಅಂತ ಕಾಲೇಜಿನ ಕಾಗದ ತಾ. ನಂದು ಛಲೋ ಬಂದ್ರ ಉಳಿದ ಮಿಲ್ಲಿನವರೂ ತಗೊಂತಾರ," ಅಂದಿದ್ದ. ಗ್ಯಾಸ್ ಹಚ್ಚಿ ಬೆಸೆದದ್ದು ಒಮ್ಮೆ ಬಿರುಕು ಬಿಟ್ಟಿತ್ತು. ಆವಾಗ ನಾ ಹೋಗಿ, "ನನ್ನ ವಿಧಾನದಾಗ ಬಿರುಕು ಬರೂದಿಲ್ಲ ಚಾಚಾ," ಅಂತ ಎದಿ ಉಬ್ಬಿಸಿ ಹೇಳಿದೆ. ಹಲಗಿ ಆತು ಅಂದ್ರ ಅಂಗಡಿ ಉಳೀತೈತಿ, ಆಗ್ಲಿಲ್ಲ ಅಂದ್ರ ಮಶೀನ್ ಗುಜರಿಗಿ. ಅಷ್ಟು ಸ್ವಚ್ಛ ಇತ್ತು ಲೆಕ್ಕ.

ಮೊದಲನೇ ತಿಂಗಳು ನಾ ಸುರಂಗ ತೋಡಿದೆ. ಬೆಸುಗಿ ಮ್ಯಾಲಿಂದ ನೋಡಿದ್ರ ಮೀನಿನ ಹುರುಪಿಯಂಗ ಚಂದ. ಕತ್ತರಿಸಿ ನೋಡಿದ್ರ ಒಳಗ ಒಂದ ಮಗ್ಗಲಿಗಿ ಉದ್ದೂಕ ಹೆಗ್ಗಣದ ಬಿಲ. ಒತ್ತಡ ಸಾಲದು, ಬಿಸಿ ಸಾಲದು, ಲೋಹ ತಿರುಗಿ ಬಂದು ಜಾಗ ತುಂಬೂದಿಲ್ಲ. ಒತ್ತಡ ಹೆಚ್ಚು ಮಾಡಿದೆ, ಪಿನ್ನು ಮುರದು ಪ್ಲೇಟಿನೊಳಗ ಹಲ್ಲಿನಂಗ ಕೂತ್ಬಿಡ್ತು. ಕಡಿಮಿ ಮಾಡಿದೆ, ತಳ ಕೂಡ್ಲಿಲ್ಲ. ಬಗ್ಗಿಸಿದ್ರ ಕೆಳಗಿಂದ ಮೊಸಳಿಯಂಗ ಬಾಯಿ ತಗೀತು. ಒಮ್ಮೆ ಕ್ಲ್ಯಾಂಪು ಬಿಗಿಯೂದು ಮರ್ತು ಮಶೀನ್ ಚಾಲೂ ಮಾಡಿದೆ. ಪ್ಲೇಟು ಹಾರಿ ಬಾಗಿಲ ದಾಟಿ ರಸ್ತೆಯಾಗ ಬಿತ್ತು. ಎದುರಿನ ಪಂಕ್ಚರ್ ಅಂಗಡಿಯಾಂವ ಅದನ್ನ ತಂದು ಕೊಟ್ಟು, "ಇದು ನಿಮ್ಮದ ಇರಬೇಕು, ಈ ಓಣ್ಯಾಗ ಇನ್ನ್ಯಾರೂ ಎಂ.ಟೆಕ್ ಮಾಡಾಂಗಿಲ್ಲ," ಅಂದ.

ಚಾಚಾ ಎದ್ದು ಬಂದ್ರು. ಮಶೀನಿನ ತಲಿ ಕೆಳಗ ಒಂದು ಬೆಣಿ ಕಡದು ಇಟ್ರು, ಕೋಲು ಎರಡು ಡಿಗ್ರಿ ಹಿಂದಕ್ಕ ವಾಲಿತು. ನಾ ಇಪ್ಪತ್ತು ಪೇಪರ್ ಓದಿ ಮಾಡಬೇಕಂದಿದ್ದನ್ನ ಅವರು ಕಣ್ಣಳತ್ಯಾಗ ಮಾಡಿದ್ರು. ಆವತ್ತಿಂದ ಸುರಂಗ ಬರೂದು ನಿಂತಿತು.

ಆದ್ರೂ ಬಲ ಬರ್ಲಿಲ್ಲ. ಇಲ್ಲೊಂದು ಮಾತು ಹೇಳಲೇಬೇಕು, ಇಲ್ಲಾಂದ್ರ ಮುಂದಿನ ನನ್ನ ಮೂರ್ಖತನ ಪೂರ್ತಿ ರುಚಿ ಹತ್ತೂದಿಲ್ಲ. ನಾವು ತಂದ ಅಲ್ಯೂಮಿನಂದ ಬಲ ಇರೂದು ಅದರ ಹದದಾಗ. ಕಾರ್ಖಾನ್ಯಾಗ ಅದನ್ನ ಜೋರ್ ಕಾಸಿ, ನೀರಾಗ ಅದ್ದಿ, ಮತ್ತ ಸಣ್ಣ ಬಿಸ್ಯಾಗ ತಾಸುಗಟ್ಲೆ ಇಟ್ಟು ಬಲ ತುಂಬಿರ್ತಾರ. ಕಣ್ಣಿಗಿ ಕಾಣದಷ್ಟು ಸಣ್ಣ ಕಣ ಲೋಹದ ತುಂಬ ಹುಟ್ಟಿ, ಅದನ್ನ ಬಗ್ಗಗೊಡೂದಿಲ್ಲ. ಮತ್ತೊಮ್ಮೆ ಸಿಕ್ಕಾಪಟ್ಟೆ ಕಾಸಿದ್ರಿ ಅಂದ್ರ ಆ ಕಣ ದಪ್ಪಾಗಿ ಕೆಲಸಕ್ಕ ಬರದಂಗ ಆಗ್ತಾವು. ನನ್ನ ಕೋಲು ತಿರಗೂ ಮುಂದ ಆಜೂಬಾಜೂ ಪ್ಲೇಟು ಕಾಯ್ತಿತ್ತು. ಬೆಸುಗಿಗೆ ಅಡ್ಡಲಾಗಿ ಗಟ್ಟಿತನ ಅಳದು ಗೆರಿ ಎಳದ್ರ ಎರಡೂ ಬದಿಗಿ ಕಣಿವಿ. ಎಳದ್ರ ಆ ಕಣಿವ್ಯಾಗ ಹರೀತಿತ್ತು. ಮೇಡಂ ಹಲಗಿದು ಲೆಕ್ಕ ಹಾಕಿ, ಪ್ಲೇಟಿನ ಬಲದಾಗ ಮುಕ್ಕಾಲು ಪಾಲರ ಬೆಸುಗಿಗೆ ಬೇಕು ಅಂದಿದ್ರು. ನಂದು ಮೂರರಾಗ ಎರಡು ಪಾಲಿನ ಮ್ಯಾಲ ಏರ್ಲಿಲ್ಲ.

ಮೊದಲನೇ ಸಲ ತಂದ ಪ್ಲೇಟು ಖಾಲಿ ಆದ್ವು. ಎರಡನೇ ಸಲ, ಅದ ಕೊನೇ ಸಲ ಅಂತ ಕಾಲೇಜಿನವರು ಹೇಳಿ ತರಿಸಿಕೊಟ್ಟಿದ್ದು, ಅಲ್ಯೂಮಿನಂದು ದೊಡ್ಡ ಹಾಳಿ ಬಂತು. ಕುಷ್ಟಗಿಯೊಳಗ ಕತ್ತರಿಸಿ ಕೊಡ್ತಾರ ಅಂತ ಒಯ್ದೆ. ಮಶೀನಿನಾಂವ ಕಡದು ಕೊಟ್ಟ ಪ್ಲೇಟು ಎಲ್ಲಾ ಸುಟ್ಟ ಹಪ್ಪಳದಂಗ ಸೊಟ್ಟ. ಅವನ್ನ ಟೆಂಪೋದಾಗ ಗಂಗಾವತಿಗಿ ಕಳಿಸಿ ಫೋನ್ ಮಾಡಿದೆ. "ಚಾಚಾ, ಕೂದಲೆಳಿಯಷ್ಟೂ ಸೊಟ್ಟ ಇರಬಾರದು. ಸಂದಿ ಬಿಟ್ರ ಬೆಸುಗಿ ಕೆಡತೈತಿ. ಹೆಂಗರ ಮಾಡಿ ಸೀದಾ ಮಾಡ್ರಿ."

"ಹೆಂಗರ?" ಅಂದ್ರು ಚಾಚಾ.

"ಹೆಂಗರ," ಅಂದೆ. ಯುದ್ಧಕ್ಕ ಆರ್ಡರ್ ಕೊಟ್ಟ ಸೇನಾಪತಿಯಂಗ.

ಮಾರನೇ ದಿನ ನಮ್ಮೂರು ತಾವರಗೇರಾದಿಂದ ಮುಂಜಾನಿ ಬಸ್ ಹಿಡದು ಹೋದ್ರ ನನಗಂತ ತಗದಿಟ್ಟ ಪ್ಲೇಟುಗಳು ಕನ್ನಡಿಯಂಗ ಸೀದಾ. ಅಲ್ಲೊಂದು ಇಲ್ಲೊಂದು ಕರಿ ಬರಿ ಇದ್ವು. ಗ್ರೀಸ್ ಇರಬೇಕು ಅಂತ ಅಸಿಟೋನ್ ಹಚ್ಚಿ ಒರಸಿದೆ. ಅಂಗಡ್ಯಾಗ ಒಂದು ಘಮಾ ಬರ್ತಿತ್ತು. ಶುಕ್ರವಾರ, ಚಾಚಾ ಛಂದಂಗ ಜಳಕಾ ಮಾಡ್ಯಾರ ಅಂದ್ಕೊಂಡೆ. ವಿಜ್ಞಾನಿ ಅಂದ್ರ ಹಿಂಗಿರಬೇಕು ನೋಡ್ರಿ. ಸಾಕ್ಷಿ ಕಣ್ಣಿಗೂ ಬಿತ್ತು, ಮೂಗಿಗೂ ಬಡೀತು, ನನ್ನ ಕೈಲೆನ ಒರಸಿ ಹಾಕಿದೆ.

ಬಿಸಿ ಕಡಿಮಿ ಆಗ್ಲಿ ಅಂತ ಆವತ್ತ ತಿರುಗೋ ವೇಗ ಇಳಿಸಿ, ಮುಂದ ಹೋಗೋ ವೇಗ ಏರಿಸಿದೆ. ಬೆಸುಗಿ ಬಂತು. ಪಟ್ಟಿ ಕಡಸಿ ಸಿವಿಲ್ ವಿಭಾಗಕ್ಕ ಒಯ್ದೆ. ಅಲ್ಲಿ ಕಬ್ಬಿಣದ ಸರಳು ಎಳಿಯೋ ಯಂತ್ರ ಐತಿ, ನನ್ನ ಪಟ್ಟಿ ಅದಕ್ಕ ಒಂದು ನಾಷ್ಟಾ. ಎಳೀತು. ಪಟ್ಟಿ ಹರೀತು. ಬೆಸುಗಿ ಹತ್ರ ಅಲ್ಲ! ದೂರ, ಬರೇ ಪ್ಲೇಟಿನ್ಯಾಗ!

ಪುಸ್ತಕದಾಗ ಇದಕ್ಕಿಂತ ದೊಡ್ಡ ಸುಖ ಇಲ್ಲ. ಬೆಸುಗಿ ಪ್ಲೇಟಿಗಿಂತ ಗಟ್ಟಿ ಅಂತ ಅರ್ಥ. ಪಕ್ಕದ ಬರೇ ಪ್ಲೇಟಿನ ತುಂಡೂ ಎಳದು, ಬೆಸೆದ ಪಟ್ಟಿಯ ಬಲಾನ ಅದರ ಬಲದಿಂದ ಭಾಗಿಸಿದೆ: ನೂರಕ್ಕ ತೊಂಬತ್ತೇಳು. ಲ್ಯಾಬ್ ಅಟೆಂಡರನ್ನ ಅಪ್ಪಿಕೊಂಡೆ. ಆತ ಸಿಮೆಂಟ್ ಹಚ್ಚಿದ ಕೈಲೆ ನನ್ನ ಬೆನ್ನು ತಟ್ಟಿದ, ಆ ಅಂಗಿ ಇವತ್ತಿಗೂ ಹಂಗ ಐತಿ.

ಆಮ್ಯಾಲ ನಾಕು ದಿನ ತುಂಡು ತಿಕ್ಕಿದೆ. ದೊರಗು ಎಮರಿ ಕಾಗದದಿಂದ ಸುರು ಮಾಡಿ ಸಣ್ಣ ಕಾಗದದ ತನಕ, ಪ್ರತಿ ಸಲಾ ತೊಂಬತ್ತು ಡಿಗ್ರಿ ತಿರುಗಿಸಿ, ಹಿಂದಿನ ಗೀರು ಹೋಗೂತನಕ. ತುಂಡಿಗಿಂತ ನನ್ನ ಬೆರಳಿನ ಚರ್ಮ ಹೆಚ್ಚು ನುಣುಪಾತು. ಮೊಬೈಲ್ ನನ್ನ ಬೆರಳಚ್ಚು ಹಿಡಿಯೂದು ಬಿಡ್ತು. ಆಸಿಡ್ ದ್ರಾವಣದಾಗ ಅದ್ದಿ ಸೂಕ್ಷ್ಮದರ್ಶಕದ ಕೆಳಗ ಇಟ್ರ ನಡುವ ಸಣ್ಣ ರವಾದಂಗ ದುಂಡ ದುಂಡ ಕಣ, ಅದರ ಆಚಿ ತಿರುವಿ ಎಳದಂಥಾವು, ಇನ್ನೂ ಆಚಿ ಒತ್ತಿದ ಅವಲಕ್ಕಿಯಂಗ ಉದ್ದೂನವು. ಉಳ್ಳಾಗಡ್ಡಿ ಕೊಯ್ದಂಗ ಬಳಿ ಬಳಿ. ಎಲ್ಲಾ ಪುಸ್ತಕದಾಗಿನಂಗ. ಬಲದ ಆ ಸಣ್ಣ ಕಣ ಮಾತ್ರ ಈ ಸೂಕ್ಷ್ಮದರ್ಶಕಕ್ಕ ಕಾಣೂದಿಲ್ಲ, ಇದ್ರೂ ಅಷ್ಟ, ಹೋದ್ರೂ ಅಷ್ಟ.

ಗಟ್ಟಿತನದ ಗೆರಿ ಎಳದೆ. ಕಣಿವಿ ಇರಬೇಕಾದಲ್ಲಿ ಸಣ್ಣದೊಂದು ಗುಡ್ಡ! ನಡುವ ಎತ್ತರ, ಎರಡೂ ಬದಿ ಸಪಾಟ. ಜಗತ್ತಿನಾಗ ಎಲ್ಲಾರಿಗೂ ಕಣಿವಿ ಬಂದಾವು, ತಾವರಗೇರಾದ ಹುಡುಗನಿಗಿ ಗುಡ್ಡ ಬಂದೈತಿ. ಆ ಗುಡ್ಡಕ್ಕ ಮನಸಿನ್ಯಾಗ ನನ್ನ ಹೆಸರೂ ಇಟ್ಟೆ.

ಗ್ರಾಫ್ ಒಯ್ದಾಗ ಮೇಡಂ ಪರೀಕ್ಷಾ ಪೇಪರ್ ತಿದ್ದೂದ್ರಾಗ ಮುಳುಗಿದ್ರು. "ಬೇಸ್ ಪ್ಲೇಟು ಅದ ಹಾಳಿದು ಎಳದೀಯಲ್ಲ?"

"ಹೌದ್ರಿ ಮೇಡಂ, ಪಕ್ಕದ ತುಂಡನ."

"ಹಿಂದಿನಕಿಂತ ಇಷ್ಟು ಫರಕ್ ಹೆಂಗ ಬಂತು?"

"ವೇಗ ಬದಲ್ ಮಾಡಿದ್ನೆಲ್ರಿ."

ಅವರು ಗ್ರಾಫ್ ನೋಡಿದ್ರು. ಛಂದ ಕಾಣ್ಲಿ ಅಂತ ನಾ ಎಲ್ಲಾನೂ ಶೇಕಡಾಕ್ಕ ತಂದು, ಯಂತ್ರ ತೋರಿಸಿದ ಮೂಲ ಅಂಕಿ ತಗದು ಹಾಕಿದ್ದೆ. ಮಿಲ್ಲಿಗಿ ಕೊಡೋ ಕಾಗದಕ್ಕ ಸಹಿ ಮಾಡಿದ್ರು. ಕಾಗದದಾಗ ಬರದಿತ್ತು: ಬೆಸುಗಿಯ ಬಲ ಮೂಲ ಪ್ಲೇಟಿನ ಬಲದ ನೂರಕ್ಕ ತೊಂಬತ್ತೇಳು, ತುಂಡು ಬೆಸುಗಿಯ ಹೊರಗ ಹರಿದೈತಿ. ಫೋನಿನ್ಯಾಗ ಸುದ್ದಿ ಹೇಳಿದ್ದಕ್ಕ ಚಾಚಾ ಎರಡ ದಿನದಾಗ ಅದ ವೇಗದಾಗ ಪ್ಲೇಟು ಬೆಸೆದು, ಕೆಳಗ ಪಟ್ಟಿ ಕೂಡಿಸಿ, ಮೊದಲನೇ ಹಲಗಿ ತಯಾರ್ ಮಾಡಿ ಮುಂಜಾನೆನ ಮಿಲ್ಲಿಗಿ ಕಳಿಸಿದ್ರು.

ನಾ ಮಧ್ಯಾಹ್ನ ಕಾಗದ, ಒಂದು ಡಬ್ಬಿ ಪೇಡೆ ತಗೊಂಡು ಅಂಗಡಿಗಿ ಹೋದೆ. ಚಾಚಾ ನೆಲದ ಮ್ಯಾಲ ಕೂತು, ಎರಡನೇ ಹಲಗಿಗಿ ಅಂತ ಉಳಿದಿದ್ದ ಒಂದು ಸೊಟ್ಟ ಪ್ಲೇಟಿಗಿ ಬಟ್ಟಿ ಒಗಿಯೋ ಸಾಬೂನು ತಿಕ್ಕಾಕತ್ತಿದ್ರು.

"ಏನ್ ನಡಸೀರಿ ಚಾಚಾ?"

"ಕಾಣವಲ್ದೇನು? ಜಳಕಾ ಮಾಡಸಾಕತ್ತೀನಿ."

ನಾ ನಕ್ಕೆ. ಅವರೂ ನಕ್ರು. ಆಮ್ಯಾಲ ಗ್ಯಾಸಿನ ಟಾರ್ಚ್ ಹಚ್ಚಿ, ಉರಿ ಪ್ಲೇಟಿನ ಮ್ಯಾಲ ಆಡಿಸಿದ್ರು. ಸಾಬೂನು ಹಳದಿ ಆತು, ಕಂದು ಆತು, ಕರ್ರಗಾತು. ಟಾರ್ಚ್ ತಗದು, ಕಟಿಗಿ ಸುತಿಗಿಲೆ ನಾಕ ಏಟು. ಪ್ಲೇಟು ಹಸಿ ತೊಗಲಿನಂಗ ಸೀದಾ ಮಲಗಿತು.

"ನಮ್ಮಪ್ಪಂದು ವಿದ್ಯಾ ಇದು," ಅಂದ್ರು. "ಹಳ್ಳಿ ಹಳ್ಳಿ ತಿರುಗಿ ನೆಗ್ಗಿದ ಡಬರಿ, ಪಾತೇಲಿ ಸೀದಾ ಮಾಡ್ತಿದ್ದ. ಅಲ್ಯೂಮಿನಂ ಬಾಳ ಜಿದ್ದಿ, ತಣ್ಣಗ ಬಡದ್ರ ತಿರುಗಿ ನಿಲ್ತೈತಿ. ಸಾಬೂನು ಕರ್ರಗಾತು ಅಂದ್ರ ಜಿದ್ದು ಬಿಡ್ತು ಅಂತ ತಿಳಿ. ಅದಕ್ಕಿಂತ ಹೆಚ್ಚು ಕಾಸಬಾರದು, ಕರಗೇ ಹೋಗ್ತೈತಿ."

ಪೇಡೆ ಡಬ್ಬಿ ನನ್ನ ಕೈಯಾಗ ಇತ್ತು. ಅದನ್ನ ಎಲ್ಲಿಡಬೇಕು ಅಂತ ತಿಳೀಲಿಲ್ಲ.

"ಹಿಂದಿನವನ್ನೂ ಹಿಂಗ ಮಾಡಿದ್ರೇನು ಚಾಚಾ? ನಾ ಎಳಸಿದವನ್ನ?"

"ಎಲ್ಲಾ. ನೀನ ಅಂದಿ ಅಲ್ಲ, ಹೆಂಗರ ಅಂತ."

ಮೂಲ್ಯಾಗ ಮೊದಲನೇ ಸಲದ ಪ್ಲೇಟಿಂದು ಒಂದು ಪಟ್ಟಿ ಬಿದ್ದಿತ್ತು. ಕೈಯಾಗ ಹಿಡದು ಬಗ್ಗಿಸಿದೆ. ಬಗ್ಗಲಿಲ್ಲ, ಮೊಣಕಾಲಿಗಿ ಆನಿಸಿ ಒತ್ತಿ ಬಿಟ್ರ ಸಟ್ ಅಂತ ತಿರುಗಿ ಸೀದಾ ಆತು, ಮೊಣಕಾಲು ಕೆಂಪಾತು. ಜಳಕಾ ಮಾಡಿದ ಹಾಳಿಯ ಪಟ್ಟಿ ಹಿಡದೆ. ನನ್ನಂಥಾ ಕಡ್ಡಿ ಪೈಲ್ವಾನನ ಕೈಯಾಗ ಅದು ಬಗ್ಗಿತು, ಬಗ್ಗಿ ಹಂಗ ಉಳೀತು. ಮೊಬೈಲಿನ್ಯಾಗ ಯಂತ್ರದ ಮುಳ್ಳಿನ ಫೋಟೋ ಇದ್ವು. ತಗದು ನೋಡಿದೆ. ಹೊಸಾ ಪ್ಲೇಟು ಎಳಿಸ್ಕೊಂಡ ಭಾರ, ಹಳೇ ಪ್ಲೇಟಿನ ಅರ್ಧ.

ನನ್ನ ಬೆಸುಗಿ ಪ್ಲೇಟಿನ ಬಲಕ್ಕ ಏರಿದ್ದಿಲ್ಲ. ಪ್ಲೇಟು ಬೆಸುಗಿಗಿಂತ ಕೆಳಗ ಇಳಿದಿತ್ತು. ಗುಡ್ಡ ಗುಡ್ಡ ಅಲ್ಲ, ಸುತ್ತಲಿನ ನೆಲ ಕುಸಿದಿತ್ತು.

ಚಾಚಾಗ ಹೇಳಿದೆ. ಹೆಂಗ ಹೇಳಿದೆ ಅಂತ ನೆನಪಿಲ್ಲ. ಜೋಕ್ ಮಾಡಾಕ ಹೋಗಿ ನಡುವ ನಿಂತೆ ಅನ್ನೂದು ನೆನಪೈತಿ. ಅವರು ಟಾರ್ಚ್ ಆರಿಸಿದ್ರು. ಸಾಬೂನಿನ ತುಂಡು ಕೆಳಗ ಇಟ್ರು.

"ಆ ಕಾಗದದಾಗ ಸುಳ್ಳು ಐತೇನು?"

"ಒಂದಕ್ಷರಾನೂ ಇಲ್ರಿ."

"ಮ್ಯಾನೇಜರ್ ಓದಿದ್ರ ಒಪ್ತಾನೇನು?"

"ಒಪ್ತಾನ್ರಿ."

ಕಾಗದ ನನ್ನ ಚೀಲದಾಗ ಇತ್ತು. ಮೇಡಂ ಸಹಿ, ಕಾಲೇಜಿನ ಶಿಕ್ಕಾ. ನಾ ಮಿಲ್ಲಿಗಿ ಹೋಗಿ ಕೊಟ್ಟು ಬಂದ್ರ ಚಾಚಾಗ ಮಿಲ್ಲುಗಳ ಕೆಲಸ, ನನಗ ಡಿಗ್ರಿ. ಖರೇ ಹೇಳ್ತೀನಿ, ನಾ ಯೋಚನೆ ಮಾಡಿದೆ. ಹಲಗಿ ಸ್ವಲ್ಪ ದಪ್ಪ ಇದ್ರ ನಡೀತೈತೇನೋ, ಕೆಳಗ ಇನ್ನೊಂದು ಪಟ್ಟಿ ಕೊಟ್ರ ಆದೀತೇನೋ, ಎಲ್ಲಾ ಲೆಕ್ಕ ತಲ್ಯಾಗ ಓಡಿಸಿದೆ. ಒಂದೂ ಕೂಡಲಿಲ್ಲ.

ಚಾಚಾ ಎದ್ದು ಗೂಟದ ಮ್ಯಾಲಿನ ಗಾಡಿ ಕೀಲಿ ತಗೊಂಡ್ರು. "ನಡಿ. ಹಲಗಿ ಮ್ಯಾಲ ಚೀಲ ಹೊರಾಂವ ಕಾಗದ ಹಾಸ್ಕೊಂಡು ನಡಿಯಾಂಗಿಲ್ಲ."

ಮಿಲ್ಲಿನ್ಯಾಗ ಹಲಗಿಯನ್ನ ಆಗಲೇ ಕಟ್ಟಿಗಿ ಒಂದು ತುದಿ, ಲಾರಿಗಿ ಒಂದು ತುದಿ ಹಾಕಿದ್ರು. ಹಮಾಲರ ಮುಖಂಡ ಬರಿಗಾಲಿಲೆ ಅದರ ಮ್ಯಾಲ ಅಡ್ಡಾಡಾಕತ್ತಿದ್ದ. "ಬರ್ರಿ ಸರ! ಹಗುರ ಐತಿ, ಛಲೋ ಐತಿ. ಬಿಸಲಾಗ ಕಾಲು ಸುಡ್ತೈತಿ, ಅದಕ್ಕೊಂದು ಮಶೀನ್ ಕಂಡು ಹಿಡೀರಿ."

"ಇಳೀರಿ," ಅಂದೆ.

ಮ್ಯಾನೇಜರು ಆಂಧ್ರದಿಂದ ಬಂದು ನೆಲಿ ನಿಂತವರ ಕ್ಯಾಂಪಿನ ಕಡೇಂವ, ಮಾತಿಗೊಮ್ಮೆ ತೆಲುಗು. "ಏಮಯ್ಯಾ, ಕಾಗದ ತಂದ್ರೇನು?"

"ತಂದೀನ್ರಿ. ಕೊಡೂದಿಲ್ಲ." ಆಮ್ಯಾಲ ನಾ ವಿವರಿಸಾಕ ಹೋದೆ. ಕಣ, ಹದ, ಕಣಿವಿ, ಗುಡ್ಡ. ಮ್ಯಾನೇಜರಿನ ಮುಖ ನೋಡಿದ್ರ ನಾ ಬ್ಯಾರೆ ದೇಶದ ಭಾಷಾ ಮಾತಾಡಿದಂಗ ಇತ್ತು. ಕಡೀಕ, "ನಾನ ಚೀಲ ಹೊತ್ತು ತೋರಸ್ತೀನಿ," ಅಂದು ಒಂದು ಅಕ್ಕಿ ಚೀಲದ ಕೆಳಗ ಬೆನ್ನು ಕೊಟ್ಟೆ. ಚೀಲ ನನ್ನನ್ನ ಹೊತ್ಕೊಂಡು ನೆಲಕ್ಕ ಕೂತ್ಬಿಡ್ತು. ಹಮಾಲರು ಬಿದ್ದು ಬಿದ್ದು ನಕ್ರು. ಮುಖಂಡ ನನ್ನ ಎಳದು ಎಬ್ಬಿಸಿ, "ಇದು ಪರೀಕ್ಷಾ ಅಲ್ಲ ಸರ, ಶಿಕ್ಷಾ," ಅಂದ.

ಚಾಚಾ ಒಂದ ಮಾತು ಹೇಳಿದ್ರು: "ಯಾರೂ ಮ್ಯಾಲ ಏರಬ್ಯಾಡ್ರಿ. ಚೀಲ ಇಡ್ರಿ."

ಹಲಗಿಯನ್ನ ಲಾರಿಯಿಂದ ಇಳಿಸಿ ಎರಡು ಕಲ್ಲಿನ ಮ್ಯಾಲ ಇಟ್ಟು ನಡುವ ಚೀಲ ಪೇರಿಸಿದ್ರು. ಮೂರು ಇಟ್ಟಾಗ ಏನೂ ಆಗ್ಲಿಲ್ಲ. ನನ್ನ ಎದ್ಯಾಗ ಒಂದು ಹಾಳು ಆಸೆ ಹುಟ್ಟಿತು. ಐದಕ್ಕ ನಡು ಇಳೀತು. ಆರನೇದಕ್ಕ ಇನ್ನಷ್ಟು. ಹರೀಲಿಲ್ಲ, ಸಪ್ಪಳಾ ಮಾಡ್ಲಿಲ್ಲ, ಸುಮ್ನ ಬಾಗಿತು. ಚೀಲ ಎಲ್ಲಾ ತಗದ್ರು. ಹಲಗಿ ಮ್ಯಾಲ ಬರ್ಲಿಲ್ಲ. ಹಂಗ ಬಾಗೇ ಉಳೀತು.

"ನಗಾಕತ್ತೈತಿ ನಿಮ್ಮ ಹಲಗಿ," ಅಂದ ಮ್ಯಾನೇಜರು. ಆಮ್ಯಾಲ ಚಾಚಾನ ಕಡೆ ತಿರುಗಿ, ದನಿ ಇಳಿಸಿ, "ಕಬ್ಬಿಣದ್ದ ಇರ್ಲಿ ಬಿಡು ಮಿಸ್ತ್ರಿ," ಅಂದು ಒಳಗ ಹೋದ.

ನಾ ಮೊಣಕಾಲೂರಿ, ಭೂತಗನ್ನಡಿ ಹಿಡದು ಬೆಸುಗಿ ಉದ್ದೂಕ ನೋಡಿದೆ. ಒಂದು ಕೂದಲಿನಷ್ಟು ಬಿರುಕಿಲ್ಲ. ನಾಕು ತಿಂಗಳ ಬೆವರಿನ ಬೆಸುಗಿ, ನಾ ಕನಸಿನ್ಯಾಗ ಕಂಡಂಥಾದ್ದು.

ಮುಖಂಡನೂ ಬಗ್ಗಿ ನೋಡಿದ. "ನಿಮ್ಮ ಬೆಸುಗಿ ಭಾಳ ಗಟ್ಟಿ ಐತಿ ಸರ," ಅಂದ. "ಬಾಕಿ ಎಲ್ಲಾ ಮೆತ್ತಗ."

ಮೇಡಂಗ ಹೇಳಿ ಕಾಗದ ವಾಪಸ್ ಕೊಟ್ಟೆ. ಬೈತಾರ ಅಂತ ಕಿವಿ ತಯಾರ್ ಇಟ್ಕೊಂಡಿದ್ದೆ. ಅವರು ತಮ್ಮ ಸಹಿ ಮ್ಯಾಲ ತಾವ ಗೀಟು ಹೊಡದು, "ಅಂಕಿ ನಾನೂ ಕೇಳಬೇಕಿತ್ತು," ಅಂದ್ರು ಅಷ್ಟ. ಬೈದಿದ್ರ ಛಲೋ ಇತ್ತು. ಹೋದ ಹದ ತಿರುಗಿ ತರಾಕ ಬರ್ತೈತಿ ಅಂತ ಕಾಲೇಜಿನ ಕುಲುಮ್ಯಾಗ ಒಂದು ತುಂಡು ಕಾಸಿ, ನೀರಿಗದ್ದಿ, ಸಣ್ಣ ಬಿಸ್ಯಾಗ ಇಟ್ಟು ನೋಡಿದ್ವಿ. ಬಂತು. ಆದ್ರ ಆ ಕುಲುಮಿಯೊಳಗ ಹಿಡಿಸೂದು ಅಂಗೈಯಷ್ಟು ತುಂಡು. ಅಂಗೈಯಷ್ಟು ಹಲಗಿ ಮ್ಯಾಲ ಚೀಲ ಹೊತ್ತು ನಡಿಯೋ ಹಮಾಲ ನಮ್ಮ ಸೀಮ್ಯಾಗ ಇಲ್ಲ. ಹೊಸಾ ಹಾಳಿ ಕೇಳಿದ್ದಕ್ಕ ಕಾಲೇಜಿನವರು, ನೋಡೂಣು ಅಂದ್ರು. ಆ ಮಾತಿನ ಅರ್ಥ ಸಣ್ಣ ಹುಡುಗರಿಗೂ ಗೊತ್ತು. ನನ್ನ ಪ್ರಾಜೆಕ್ಟು ಮುಂದಿನ ಸೆಮಿಸ್ಟರಿಗಿ ಹೋತು, ಅದರ ಮುಂದಿಂದಕ್ಕೂ ಹೋಗೂ ಲಕ್ಷಣ ಐತಿ.

ಮೊನ್ನೆ ಗಂಗಾವತಿಗಿ ಹೋಗಿದ್ದೆ. ಬಾಗಿದ ಹಲಗಿ ಅಂಗಡಿ ಮುಂದ ಇತ್ತು, ಅದರ ಕುಳಿಯಾಗ ನೀರು ನಿಂತು ಆಡು ಕುಡೀತಿದ್ವು. ಗುಜರಿಯಾಂವ ಬಂದು ಮಶೀನ್ ಅಳತಿ ತಗೊಂಡು ಹೋಗ್ಯಾನ ಅಂತ ಪಂಕ್ಚರ್ ಅಂಗಡಿಯಾಂವ ಮೊದಲ ಹೇಳಿದ್ದ. ಒಳಗ ಮಶೀನಿನ ಮ್ಯಾಲ ನಮ್ಮ ಕ್ಲ್ಯಾಂಪುಗಳು ಹಂಗ ಬಿಗದ ಇದ್ವು, ನಡುವ ಪ್ಲೇಟು ಇಲ್ಲ. ಬೆಣಿನೂ ಹಂಗ ಇತ್ತು, ಎರಡು ಡಿಗ್ರಿ.

ಚಾಚಾ ಬೇಸಿನ್ ಹತ್ರ ಕೈ ತೊಳಕೊಳ್ಳಾಕತ್ತಿದ್ರು. ನನ್ನ ಕಂಡ ಕೂಡ್ಲೆ ಸಾಬೂನಿನ ಕೈ ಬೆನ್ನ ಹಿಂದ ಒಯ್ದ್ರು. ನೊರಿ ಮೊಣಕೈ ತನಕ ಇತ್ತು.

"ಬಾ ಇಂಜಿನಿಯರಾ," ಅಂದ್ರು. "ಪ್ಲೇಟು ಬಂದ್ವೇನು?"

"ಇಲ್ಲ ಚಾಚಾ."

"ಬರ್ಲಿ, ಬರ್ಲಿ. ಸೊಟ್ಟ ಬಂದ್ರೂ ಮುಟ್ಟಾಂಗಿಲ್ಲ ನಾ."

ನಾ ಏನರ ಒಂದು ಚಾಷ್ಟಿ ಮಾತು ಹೇಳಬೇಕಿತ್ತು. ಯಾವಾಗಲೂ ಹೇಳಾಂವ. ಹೋಗಿ ಖಾಲಿ ಕ್ಲ್ಯಾಂಪುಗಳನ್ನ ಒಂದೊಂದಾಗಿ ಸಡಲ್ ಮಾಡಿದೆ. ಚಾಚಾ ಹಿಂದ ನಿಂತು ನೋಡಿದ್ರು, ಬ್ಯಾಡ ಅನ್ನಲಿಲ್ಲ.